ಮುನ್ನೂರು ಹಪ್ಪಳ ಮತ್ತು ನಡುಗಡಲಿನ ದೀಪಸ್ತಂಭ

ಅದು ತೊಂಬತ್ನಾಲ್ಕೋ ತೊಂಬತ್ತೈದೋ, ಖಚಿತವಿಲ್ಲ. ಮೇ ತಿಂಗಳು ಎಂಬುದು ಖಚಿತ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಮಳೆಯ ಬಗ್ಗೆ ಅಧಿಕೃತವಾಗಿ ಮಾತನಾಡಬಲ್ಲವನು ನಾನೊಬ್ಬನೇ ಎಂಬುದೂ ಆಗ ನನಗೆ ಖಚಿತವಾಗಿತ್ತು.

ಕಾರಣವಿತ್ತು. ಮುಂಬಯಿಯಾಚೆ, ಕಡಲ ನಡುವಿನ ಬಂಡೆಯ ಮೇಲೆ ಬ್ರಿಟಿಷರ ಕಾಲದ ದೀಪಸ್ತಂಭವೊಂದಿದೆ. ಒಂದು ಕಾಲಕ್ಕೆ ಹಡಗುಗಳಿಗೆ ದಾರಿ ತೋರಿಸುತ್ತಿದ್ದ ಅದು ಈಗ ಗಾಳಿ, ಮಳೆ ಅಳೆಯುತ್ತದೆ. ಆ ಅಂಕಿಗಳನ್ನು ದಡದ ಕಚೇರಿಯಲ್ಲಿ ಬರೆದುಕೊಳ್ಳುವ ಸದಾನಂದ ನನ್ನ ಕಾಲೇಜು ಗೆಳೆಯ.

ತನ್ನ ತಮ್ಮನ ಮದುವೆಗೆ ಹಲಸಿನ ಹಪ್ಪಳ ತಾನೇ ತರುವುದಾಗಿ ನನ್ನ ಹೆಂಡತಿ ಮಾತು ಕೊಟ್ಟಿದ್ದಳು. ಉಡುಪಿಯಿಂದ ಬಸ್ಸಿನಲ್ಲಿ ಬಂದ ಹಲಸು, ಮೂರು ದಿನದ ದುಡಿಮೆ, ಮುನ್ನೂರು ಹಪ್ಪಳ. ಇನ್ನೊಂದೇ ಬಿಸಿಲು ಬಾಕಿ.

"ಮಾರಾಯ್ರೆ, ಟೆರೇಸಿನಲ್ಲಿ ಹಾಕ್ಲಾ? ಮಳೆ ಬರ್ಲಿಕ್ಕಿಲ್ಲ ಅಲ್ವಾ?"

ಸದಾನಂದನಿಗೆ ಫೋನ್ ಮಾಡಿದೆ. ದೀಪಸ್ತಂಭದಲ್ಲಿ ಆಕಾಶ ಶುಭ್ರ, ಒಂದು ಹನಿಯಿಲ್ಲ.

"ಹಾಕು! ಕಡಲೇ ಹೇಳಿದೆ!"

"ಹಾಗಾದ್ರೆ ಕಾವಲು ನಿಮ್ದು" ಎಂದು ಅವಳು ಸೀರೆ ತರಲು ಥಾಣೆ ಪೇಟೆಗೆ ಹೋದಳು.

ಮಧ್ಯಾಹ್ನ ವಾಚ್‌ಮನ್ ಶಿವಪ್ಪ ಏದುಸಿರು ಬಿಡುತ್ತ ಟೆರೇಸಿಗೆ ಬಂದ. ವಿಜಯಪುರದವನು.

"ಸಾಹೇಬ್ರ, ಅಂಬರನಾಥದ ಗುಡ್ಡದ ಕಡಿ ಕರ್ರಗ ಮೋಡ ಕಟ್ಟೇತ್ರಿ. ಹಪ್ಪಳ ತಗೀರಿ."

ನಾನು ಕನಿಕರದಿಂದ ನಕ್ಕೆ. "ಮಳೆ ಬರುವುದು ಕಡಲಿನಿಂದ, ಶಿವಪ್ಪ. ಅಲ್ಲಿ ನಮ್ಮವರಿದ್ದಾರೆ."

"ಇದ್ರ ಇರ್ಲಿ ಬಿಡ್ರಿ. ಅವರು ಈ ಮೋಡಕ್ಕ ಗೊತ್ತಿರಬೇಕಲ್ರಿ?"

ಮೊದಲ ಹನಿ ನನ್ನ ಬೋಳುತಲೆಗೇ ಬಿತ್ತು. ಬುದ್ಧಿಯಿದ್ದವನು ಹಪ್ಪಳದತ್ತ ಓಡುತ್ತಿದ್ದ. ನಾನು ಮೂರು ಮಹಡಿ ಇಳಿದು ಫೋನಿನತ್ತ ಓಡಿದೆ!

"ಸದಾನಂದ, ಸರಿಯಾಗಿ ನೋಡೋ!"

"ಈಗಷ್ಟೇ ನೋಡಿದೆ ಮಾರಾಯ. ಅಲ್ಲಿ ಸುಡುಬಿಸಿಲು!"

ಆಧಾರಸಮೇತ ಮತ್ತೆ ಟೆರೇಸು ಹತ್ತಿದೆ. ಮಳೆ ಆಧಾರ ಕೇಳಲಿಲ್ಲ. ಶಿವಪ್ಪ ತನ್ನ ಟವೆಲಿನಲ್ಲಿ ಬಾಚಿಕೊಂಡ ಮೂವತ್ತು ಹಪ್ಪಳ ಉಳಿದವು. ಮಿಕ್ಕವು ಮರಳಿ ಹಿಟ್ಟಾಗಿದ್ದವು.

ಮುಂಗಾರಿಗೆ ಮೊದಲಿನ ಗುಡುಗುಮಳೆ ಹೆಚ್ಚಾಗಿ ಬೆಟ್ಟದ ಕಡೆಯಿಂದಲೇ ಬರುವುದೆಂದು ಸದಾನಂದ ಆಮೇಲೆ ವಿವರಿಸಿದ. ನಾನು ಮುಂಬಾಗಿಲಿಗೆ ಕಾವಲು ಹಾಕಿದ್ದೆ. ಅದು ಹಿತ್ತಿಲಿನಿಂದ ಬಂದಿತ್ತು.

ಸಂಜೆ ಹೆಂಡತಿ ಹಪ್ಪಳ ಹಾಕಿದ್ದ ಚಾಪೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ದೀಪಸ್ತಂಭ ಒದ್ದೆಯಾಗ್ಲಿಲ್ಲ ಅಲ್ವಾ? ಅಷ್ಟು ಸಾಕು."

ತಾನು ಹಾಗೆ ಹೇಳಲೇ ಇಲ್ಲ ಎಂದು ಅವಳ ವಾದ. ಇರಬಹುದು. ನನಗಂತೂ ಕೇಳಿಸಿತು.

ಮದುವೆಯಲ್ಲಿ ಅಂಗಡಿಯ ಹಪ್ಪಳ ಬಡಿಸಿದರು. ಅವಳು ಮುಟ್ಟಲಿಲ್ಲ. ನಾನು ಬೇಡವೆನ್ನುವ ಧೈರ್ಯವಿಲ್ಲದೆ ಎರಡು ತಿಂದೆ.

ಈಗ ಹಪ್ಪಳ ಹಾಕುವ ದಿನ ಅವಳು ಶಿವಪ್ಪನನ್ನೇ ಕೇಳುತ್ತಾಳೆ. ನನಗೆ ಕಾಗೆ ಓಡಿಸುವ ಕೆಲಸ. ಕಾಗೆಗಳು ಅಷ್ಟೇನೂ ಹೆದರುವುದಿಲ್ಲ.