ದುಬೈನಲ್ಲಿ ಕಂಪನಿ ಮಾಡಲು ಹೋಗಿ ಊರಲ್ಲಿ ಮಾನ ಕಳೆದದ್ದು

ಮಾನ ಅನ್ನೋದು ಒಂದೇ ಸಲ ಪೂರಾ ಹೋಗಿಬಿಟ್ಟರೆ ಮನುಷ್ಯ ಅತ್ತು ಸುಮ್ಮನಾಗಬಹುದು. ನನ್ನದು ಹಾಗಲ್ಲ. ಸ್ವಲ್ಪ ಸ್ವಲ್ಪವೇ ಹೋಗುತ್ತೆ, ಅದೂ ನಾಲ್ಕು ಜನ ನಿಂತು ನೋಡುವ ಹೊತ್ತಿಗೇ ಸರಿಯಾಗಿ ಹೋಗುತ್ತೆ. ಸಾಕಾಯಿತು ಅಂದುಕೊಳ್ಳುವಷ್ಟರಲ್ಲಿ, "ಇನ್ನೂ ಒಸಿ ಐತೆ, ತಡಿ" ಅಂತ ಮತ್ತೊಂದು ಬರುತ್ತೆ.

ಕೊತ್ತತ್ತಿ ಹತ್ತಿರ ನಮ್ಮದೊಂದು ಆಲೆಮನೆ. ಕಬ್ಬು ಅರೆದು ಬೆಲ್ಲ ಮಾಡೋದು ಅಪ್ಪನ ಕಾಲದಿಂದ ಬಂದ ಕಸುಬು. ನಾನು ಕಾಲಿಟ್ಟ ಮೇಲೆ, ಬೆಲ್ಲಕ್ಕೆ ರಾಸಾಯನಿಕ ಹಾಕಲ್ಲ ಅಂತ ಹಠ ಹಿಡಿದೆ. ಹಠವನ್ನು ಎಲ್ಲರೂ ಹೊಗಳಿದರು, ಬೆಲ್ಲ ಮಾತ್ರ ಯಾರೂ ಕೊಳ್ಳಲಿಲ್ಲ. ಈ ಸುಗ್ಗಿಗೆ ದಾರಿ ಕಾಣದಿದ್ದರೆ ಗಾಣ ಮಾರಿ ಆಲೆಮನೆ ಮುಚ್ಚೋದು ಅಂತ ನಾನೂ ಹೆಂಡತಿಯೂ ಮಾತಾಡಿಕೊಂಡಿದ್ದೆವು. ಹಂಗೆ ಮಾತಾಡಿದ ದಿನ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಆಗ ಮೈಸೂರಿನ ಒಂದು ಮೇಳದಲ್ಲಿ ದುಬೈ ವ್ಯಾಪಾರಿಯೊಬ್ಬರು ಸಿಕ್ಕಿ, "ನಿಮ್ಮ ಬೆಲ್ಲ ವರ್ಷಪೂರ್ತಿ ನಾನು ತಗೋತೀನಿ. ಆದರೆ ಅಲ್ಲಿ ನಿಮ್ಮದೇ ಒಂದು ಕಂಪನಿ ರಿಜಿಸ್ಟರ್ ಮಾಡಿಸಿ" ಅಂದರು. ಅಲ್ಲಿ ಕಂಪನಿ ಮಾಡಿಸಿಕೊಡುವ ಏಜೆಂಟರ ನಂಬರನ್ನೂ ಕೊಟ್ಟರು. ಏಜೆಂಟರು ಮಂಗಳೂರು ಕಡೆಯವರು, ಬಹಳ ಮರ್ಯಾದಸ್ಥರು. ಮಾಲೀಕರು ನಾವಿಬ್ಬರೇ, ಗಂಡ ಹೆಂಡತಿ ಅಂತ ಬರೆಸಿದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು ತಾನೆ? ಅರ್ಜಿ ಹಾಕುವ ಮೊದಲೇ ಮಂಡ್ಯದಿಂದ ಹಲಗೂರಿನ ತನಕ, ಕಂಡಕಂಡವರಿಗೆಲ್ಲ, "ದುಬೈನಲ್ಲಿ ಕಂಪನಿ ಆಗೋಯ್ತು" ಅಂತ ಹೇಳಿಕೊಂಡು ತಿರುಗಿದೆ. ಬಾಯಿ ನನ್ನದೇ, ದೂರೋದು ಯಾರನ್ನ?

ಮನೆ ತುಂಬ ದೇವರು

ಮೊದಲು ಕಂಪನಿಗೆ ಹೆಸರು ಬೇಕು. ಅಮ್ಮ ಅದನ್ನು ನನ್ನ ಕೈಗೆ ಬಿಡಲಿಲ್ಲ. ಸೀದಾ ಮಾರಮ್ಮನ ಗುಡಿಗೆ ಹೋಗಿ ಹೂವಿನ ಅಪ್ಪಣೆ ಕೇಳಿದರು. ದೇವರ ಮೈಮೇಲಿನ ಹೂ ಬಲಗಡೆ ಬಿದ್ದರೆ ಒಪ್ಪಿಗೆ ಅಂತ ಲೆಕ್ಕ. ಬಲಗಡೆಯೇ ಬಿತ್ತು. "ಶ್ರೀ ಮಾರಮ್ಮ ಪ್ರಸನ್ನ ಜ್ಯಾಗರಿ" ಅಂತ ಕಳಿಸಿದೆ.

ಮಾರನೆಯ ದಿನ ಏಜೆಂಟರ ಫೋನು. "ದೇವರ ಹೆಸರು ಇಲ್ಲಿ ಆಗುವುದಿಲ್ಲ ಮಾರಾಯ್ರೆ. ಬೇರೆ ಯಾವುದಾದರೂ ಕೊಡಿ."

ಸರಿ, ನನ್ನ ಹೆಸರೇ ಇರಲಿ ಅಂದೆ. "ಅದೂ ದೇವರದ್ದೇ ಅಲ್ವಾ?" ಅಂದರು. ಹೌದು, ಬೆಟ್ಟದ ಮೇಲಿರೋ ದೇವರದ್ದು. ಹೆಂಡತಿದು? ಅದು ಆ ದೇವರ ಹೆಂಡತಿದು. ಅಮ್ಮಂದು, ಮಗಳದು, ಊರದು, ಎಲ್ಲವೂ ದೇವರೇ. ನಮ್ಮ ಟ್ರಾಕ್ಟರ್ ಮುಂದೆ ಕೂಡ "ಬಸವ" ಅಂತ ಬರೆದಿದೆ.

"ಈ ಮನೇಲಿ ದೇವರ ಹೆಸರಿಲ್ದೆ ಇರೋದು ಏನೈತೆ ಹೇಳು?" ಅಂತ ರೇಗಿದೆ.

ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ತಲೆ ಎತ್ತದೆ, "ನಾಯಿ" ಅಂದಳು.

ನಾಯಿ ಹೆಸರು ಟೈಗರ್. ಕೋಪದಲ್ಲಿ "ಟೈಗರ್ ಜ್ಯಾಗರಿ" ಅಂತ ಕಳಿಸಿದೆ. ಸಂಜೆಯೊಳಗೆ ಮಂಜೂರಾಗಿ ಬಂತು! ನಾಯಿ ಹೆಸರು ಅಂತ ಅಮ್ಮನಿಗೆ ಹೇಳೋ ಹಾಗಿರಲಿಲ್ಲ. "ಹುಲಿ ಅಂತ ಬಂತು ಕಣಮ್ಮ" ಅಂದೆ.

ಅಮ್ಮ ಎರಡೂ ಕೈ ಎತ್ತಿ ಮುಗಿದರು. "ಬುಡು ಮಗ, ಅವ್ರು ಮಾರಮ್ಮ ಬ್ಯಾಡ ಅಂದ್ರೇನಂತೆ, ಮಾದಪ್ಪನ ವಾಹನ ಒಲಿದದಲ್ಲ!"

ಅಷ್ಟರಲ್ಲಿ ಮಾದಪ್ಪನ ವಾಹನ ಅಡುಗೆಮನೆಗೆ ನುಗ್ಗಿ ರೊಟ್ಟಿ ಕಚ್ಚಿಕೊಂಡು ಓಡಿತು. ಅದರ ಹಿಂದೆ ಪೊರಕೆ ಹಿಡಿದು ಓಡಿದವರೂ ಅಮ್ಮನೇ.

ಎರಡು ದೇಶದ ರಾಹು

ಅರ್ಜಿ ಎಲ್ಲ ತುಂಬಿಯಾಗಿತ್ತು. ಅವತ್ತು ಬುಧವಾರ. ಏಜೆಂಟರು ಫೋನ್ ಮಾಡಿ, "ಎಲ್ಲ ರೆಡಿ ಉಂಟು. ನೀವು ಒಂದು ಬಟನ್ ಒತ್ತಿದರೆ ಆಯಿತು" ಅಂದರು. ನಾನು ಬೆರಳು ಚಾಚಿದೆ. ಅಮ್ಮ ಕೈ ಹಿಡಿದುಕೊಂಡರು. ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ. ಗಂಟೆ ಇನ್ನೂ ಒಂದು.

ಏಜೆಂಟರಿಗೆ, "ಸ್ವಲ್ಪ ನೆಟ್ವರ್ಕ್ ತೊಂದರೆ" ಅಂತ ಸುಳ್ಳು ಹೇಳಿದೆ. ಅರ್ಧ ಗಂಟೆ ಆ ಪುಣ್ಯಾತ್ಮ ಫೋನಿನಲ್ಲೇ ಕಾದರು. ಒಂದೂವರೆ ಹೊಡೆಯಿತು. ಮತ್ತೆ ಬೆರಳು ಚಾಚಿದೆ. ಅಮ್ಮನಿಗೆ ಏನೋ ಹೊಳೆಯಿತು.

"ತಡಿಲಾ, ಅಲ್ಲಿ ಈಗ ಎಷ್ಟು ಗಂಟೆ?"

ಏಜೆಂಟರೇ ಕೇಳಿಸಿಕೊಂಡು, "ಇಲ್ಲಿ ಈಗ ಹನ್ನೆರಡು ಅಮ್ಮ" ಅಂದರು.

"ಅಯ್ಯೋ ನನ್ನಪ್ಪ! ಅಂಗಾದ್ರೆ ಅಲ್ಲಿ ಈಗ ಸುರು!"

ನಮಗೂ ದುಬೈಗೂ ಇರೋ ವ್ಯತ್ಯಾಸ ಒಂದೂವರೆ ಗಂಟೆ. ರಾಹುಕಾಲವೂ ಒಂದೂವರೆ ಗಂಟೆ. ನಮ್ಮ ಕೊತ್ತತ್ತಿಯಲ್ಲಿ ಡ್ಯೂಟಿ ಮುಗಿಸಿದ ರಾಹು ಸೀದಾ ದುಬೈಗೆ ಹೋಗಿ ಕೂತಿದ್ದ. ಮಳವಳ್ಳಿ ಪುರೋಹಿತರಿಗೆ ಫೋನ್ ಮಾಡಿದೆವು. ಅವರೂ ಇಂಥ ಪ್ರಶ್ನೆ ಮೊದಲ ಸಲ ಕೇಳುತ್ತಿದ್ದರು. ಪಂಚಾಂಗ ತಿರುವಿ, "ಮಗು ಎಲ್ಲಿ ಹುಟ್ಟುತ್ತೋ ಅಲ್ಲಿಯ ರಾಹು ಲೆಕ್ಕ. ಕಾಯೋದು ವಾಸಿ" ಅಂದುಬಿಟ್ಟರು. ಕಾದೆವು. ಮೂರು ಗಂಟೆಗೆ ಒತ್ತೋಣ ಅಂತ ನೋಡಿದರೆ, ಇಷ್ಟು ಹೊತ್ತು ಯಾರೂ ಮುಟ್ಟಲಿಲ್ಲ ಅಂತ ಅರ್ಜಿ ತಾನೇ ಮುಚ್ಚಿಕೊಂಡಿತ್ತು. ತುಂಬಿದ್ದೆಲ್ಲ ನೀರುಪಾಲು. ಏಜೆಂಟರ ಮುಂದೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಮಾರನೆಯ ದಿನ ಅವರೇ ಎಲ್ಲ ಮತ್ತೆ ತುಂಬಿ, ಒತ್ತಿ, ಆಮೇಲೆ ಫೋನ್ ಮಾಡಿದರು. "ಆಯಿತು. ಅಮ್ಮನಿಗೆ ಹೇಳಿ, ಎರಡೂ ದೇಶದ್ದು ನೋಡಿಯೇ ಒತ್ತಿದ್ದೇನೆ."

ಕಾರಿನೊಳಗೆ ಒಬ್ಬನೇ

ಆಮೇಲೆ ಅಲ್ಲಿಯ ಅಧಿಕಾರಿ ಮೇಡಂ ವಿಡಿಯೋದಲ್ಲಿ ನನ್ನ ಮುಖ ನೋಡಬೇಕು, ನಾನು ಒಬ್ಬನೇ ಇರಬೇಕು ಅಂದರು. ನಮ್ಮ ಮನೆಯಲ್ಲಿ ಒಬ್ಬನೇ ಇರೋದು ಸ್ನಾನಕ್ಕೆ ಹೋದಾಗ ಮಾತ್ರ. ಅದಕ್ಕೇ ಕಾರು ತಗೊಂಡು ಮದ್ದೂರಿನ ಹತ್ತಿರ ರಸ್ತೆ ಬದಿಯ ಹೊಂಗೆ ಮರದ ಕೆಳಗೆ ನಿಲ್ಲಿಸಿದೆ. ಕೋಟು ಬೇರೆ ಹಾಕಿಕೊಂಡಿದ್ದೆ. ಮೇಡಂ ಇಂಗ್ಲಿಷಿನಲ್ಲಿ ಕೇಳೋದು, ಏಜೆಂಟರು ಕನ್ನಡದಲ್ಲಿ ಹೇಳೋದು.

"ಈ ಕಂಪನಿಯನ್ನು ನೀವು ಸ್ವಂತ ಇಚ್ಛೆಯಿಂದ ಮಾಡ್ತಾ ಇದ್ದೀರಾ? ಯಾರಾದರೂ ಬಲವಂತ ಮಾಡ್ತಿದ್ದಾರಾ?"

"ಯಾರೂ ಇಲ್ಲ" ಅನ್ನುವಷ್ಟರಲ್ಲಿ ಕಿಟಕಿ ಗಾಜಿಗೆ ಡಬಡಬ ಬಡಿತ. ವಡೆ ಮಾರುವವನು. "ತಗಳಿ ಅಣ್ಣ, ಬಿಸಿ ಐತೆ."

ಬೇಡ ಅಂತ ಕಣ್ಣಲ್ಲೇ ಸನ್ನೆ ಮಾಡಿದೆ. ಅವನು ಚೌಕಾಸಿ ಮಾಡುತ್ತಿದ್ದೇನೆ ಅಂದುಕೊಂಡು ಇನ್ನೊಂದು ಪೊಟ್ಟಣ ಎತ್ತಿ ತೋರಿಸಿದ. "ತಗಳ್ಳೇಬೇಕು. ನಿಮ್ಮಿಂದ್ಲೇ ಬೋಣಿ!"

ಮೇಡಂ ಹುಬ್ಬು ಗಂಟಿಕ್ಕಿದರು. "ಹೊರಗಿರುವವರು ಯಾರು, ಏನು ಒತ್ತಾಯ ಮಾಡ್ತಿದ್ದಾರೆ ಅಂತ ಕೇಳ್ತಾರೆ" ಅಂದರು ಏಜೆಂಟರು.

ನನಗೆ ಪಿತ್ತ ನೆತ್ತಿಗೇರಿತು. ಗಾಜು ಇಳಿಸಿ, "ಓಗ್ಲಾ ಅತ್ಲಾಗೆ! ಕಂಪನಿ ವಿಚಾರ ಮಾತಾಡ್ತಾವ್ನಿ, ಕಾಣಾಕಿಲ್ವಾ?" ಅಂತ ಕೂಗಿದೆ. ಗಾಜು ಇಳಿಸಿದ್ದೇ ತಪ್ಪಾಯಿತು. ಅವನು ತಲೆಯನ್ನೇ ಒಳಗೆ ತೂರಿಸಿ ಫೋನಿಗೇ ಹೇಳಿದ.

"ನೋಡಿ ಮೇಡಂ, ಬ್ಯಾಡ ಅಂದ್ರೆ ಬ್ಯಾಡ ಅನ್ಬೇಕಪ್ಪ. ಬಯ್ಯೋದು ಯಾಕೆ? ಇಂತವ್ರಿಗೆಲ್ಲ ಕಂಪನಿ ಕೊಡ್ಬ್ಯಾಡಿ."

ಏಜೆಂಟರು ಪ್ರಾಮಾಣಿಕರು. ಅದನ್ನೂ ಇಂಗ್ಲಿಷಿಗೆ ಮಾಡಿ ಹೇಳಿದರು.

ಶುಭ ಕೋರುವವರು

ಅವನು ಬರೀ ವಡೆ ಮಾರುವವನು ಅಂತ ತಿಳಿದ ಮೇಲೆ ಮೇಡಂ ಒಪ್ಪಿದರು. ಇನ್ನು ಎಲ್ಲ ಕೆಲಸ ಮುಗಿಯಿತು ಅಂದುಕೊಂಡಿದ್ದೆ. "ನಿಮ್ಮ ಆಲೆಮನೆಯ ಒಂದು ಫೋಟೊ ಕಳಿಸಿ, ಅಷ್ಟೇ ಬಾಕಿ" ಅಂದರು ಏಜೆಂಟರು. ಹೊಡೆದು ಕಳಿಸಿದೆ. ನೋಡಿ ಕಳಿಸಬೇಕಿತ್ತು.

ನಮ್ಮ ಕಡೆ ಒಬ್ಬನಿಗೆ ಏನಾದರೂ ಒಳ್ಳೆಯದಾಗುತ್ತೆ ಅಂದರೆ ಅದು ಆಗುವುದಕ್ಕೆ ಮೊದಲೇ ಫ್ಲೆಕ್ಸ್ ಬಿದ್ದಿರುತ್ತೆ. ನನ್ನ ಆಲೆಮನೆ ಬಾಗಿಲಿಗೂ ಸ್ನೇಹಿತರು ಕಟ್ಟಿದ್ದರು. "ದುಬೈ ಕಂಪನಿಯ ಮಾಲೀಕರು, ಮಂಡ್ಯದ ಹೆಮ್ಮೆಯ ಪುತ್ರನಿಗೆ ಅಭಿನಂದನೆಗಳು" ಅಂತ ಮೇಲೆ ಆಳೆತ್ತರದ ನಾನು. ಕೆಳಗೆ ಸಾಲುಸಾಲಾಗಿ ಊರಿನವರ ಮುಖ, ಹೆಸರು. ನಡುವೆ ಎಲ್ಲರಿಗಿಂತ ದೊಡ್ಡದಾಗಿ, ಕೂಲಿಂಗ್ ಗ್ಲಾಸ್ ಹಾಕಿಕೊಂಡ ಕಿರುಗಾವಲಿನ ನಮ್ಮ ಮಾವನವರು, ನನ್ನ ಹೆಂಡತಿಯ ಅಪ್ಪ.

ಫೋಟೊ ನೋಡಿ ಏಜೆಂಟರು ಫೋನ್ ಮಾಡಿದರು. "ಮಾಲೀಕರು ಇಬ್ಬರೇ ಅಂತ ಬರೆದಿದ್ದೀರಿ. ಇಲ್ಲಿ ಒಂದು ಬಸ್ಸಿನಷ್ಟು ಜನ ಇದ್ದಾರಲ್ಲ, ಇವರು ಯಾರು ಅಂತ ಮೇಡಂ ಕೇಳ್ತಾರೆ."

"ಶುಭ ಕೋರುವವರು" ಅಂದೆ.

"ಕಂಪನಿಯಲ್ಲಿ ಪಾಲಿಲ್ಲದೆ ಫೋಟೊ ಯಾಕೆ ಹಾಕಿಸಿಕೊಂಡಿದ್ದಾರೆ?"

ನಮ್ಮ ಕಡೆ ಹಂಗೇ ಅಂದೆ, ಮೇಡಂ ಒಪ್ಪಲಿಲ್ಲ. ಕೊನೆಗೆ, ಅಲ್ಲಿರುವ ಒಬ್ಬೊಬ್ಬರೂ "ನನಗೂ ಈ ವ್ಯಕ್ತಿಗೂ ಕುಟುಂಬದ ಸಂಬಂಧವಾಗಲಿ, ವ್ಯವಹಾರವಾಗಲಿ ಇಲ್ಲ, ಇವರಿಂದ ನನಗೆ ಯಾವ ಲಾಭವೂ ಇಲ್ಲ" ಅಂತ ಸಹಿ ಮಾಡಿಕೊಡಬೇಕು ಅಂತಾಯಿತು. ಸಂಬಂಧಿಕರಿದ್ದರೆ ಅವರ ಪಾಸ್‌ಪೋರ್ಟ್ ಬೇಕು.

ಆ ಕಾಗದ ಹಿಡಿದು ಮನೆಮನೆ ತಿರುಗಿದ್ದು ನನ್ನ ಶತ್ರುವಿಗೂ ಬೇಡ. ಖುಷಿಯಿಂದ ಫ್ಲೆಕ್ಸ್ ಕಟ್ಟಿದವರ ಹತ್ತಿರವೇ ಹೋಗಿ, ನನಗೂ ನಿಮಗೂ ಏನೂ ಇಲ್ಲ ಅಂತ ಬರೆಸಿಕೊಳ್ಳೋದು! "ಏನ್ಲಾ, ನಾವೇನು ನಿನ್ ಕಂಪ್ನಿಲಿ ಪಾಲು ಕೇಳ್ತೀವಿ ಅಂತ ಎದ್ರುಕಂಡಾ?" ಅಂತ ಒಬ್ಬ. "ದುಬೈ ಆಯ್ತಿದ್ದಂಗೆ ನಾವು ಬ್ಯಾಡವಾದೋ" ಅಂತ ಇನ್ನೊಬ್ಬ. ಬೈದುಕೊಂಡೇ ಸಹಿ ಹಾಕಿದರು, ದೇವರಂಥ ಜನ.

ಉಳಿದದ್ದು ಮಾವ. ಅವರಿಗೆ ಪಾಸ್‌ಪೋರ್ಟ್ ಇಲ್ಲ. ಮಾಡಿಸುವಷ್ಟರಲ್ಲಿ ಸುಗ್ಗಿಯೇ ಮುಗಿದುಹೋಗುತ್ತೆ. ಕಿರುಗಾವಲಿಗೆ ಹೋಗಿ ಜಗಲಿ ಮೇಲೆ ಕೂತು, ತಲೆ ತಗ್ಗಿಸಿ ಕಾಗದ ಕೊಟ್ಟೆ. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಮಗಳ್ನ ಧಾರೆ ಎರೆದು ಕೊಟ್ಟಿವ್ನಿ. ಸಂಬಂಧ ಇಲ್ಲ ಅಂತ ಬರ್ಕೊಡ್ಲಾ ಅಳೀಂದ್ರೇ?"

"ಇಲ್ದಿದ್ರೆ ಆಲೆಮನೆ ಮುಚ್ಚೋಗ್ತದೆ ಮಾವ."

ಅವರು ಪೆನ್ನು ತಗೊಂಡು ಸಹಿ ಹಾಕಿದರು. ಅತ್ತೆ ತಂದಿಟ್ಟ ಕಾಫಿ ಕುಡಿಯದೆ ಎದ್ದು ಬಂದೆ. ಅಷ್ಟು ನಾಚಿಕೆಯಾಗಿತ್ತು.

ಇಷ್ಟೆಲ್ಲ ಮಾಡಿದರೂ ಸಿಕ್ಕಿಬಿದ್ದೆ. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿತ್ತು. ಅದೇ ಹೆಸರು ಫ್ಲೆಕ್ಸಿನ ಕೂಲಿಂಗ್ ಗ್ಲಾಸಿನ ಕೆಳಗೂ ಇತ್ತು. "ಮೇಡಂ ತುಂಬಾ ಸಿಟ್ಟಿನಲ್ಲಿದ್ದಾರೆ. ಸುಳ್ಳು ಹೇಳಿದ್ದು ಅಂತಾದರೆ ಅರ್ಜಿ ವಜಾ. ಅವರನ್ನು ವಿಡಿಯೋದಲ್ಲಿ ಕೂರಿಸಿ" ಅಂದರು ಏಜೆಂಟರು.

ಮಾವ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ನಡುಮನೆಯಲ್ಲಿ ಫೋನಿನ ಮುಂದೆ ಕೂತರು. ಒಂದು ಕಡೆ ನಾನು, ಒಂದು ಕಡೆ ಹೆಂಡತಿ. ಅವಳು ಸೆರಗಿನ ತುದಿ ಹಿಂಡುತ್ತಿದ್ದಳು.

ಏಜೆಂಟರು ಮೇಡಂ ಪ್ರಶ್ನೆಯನ್ನು ಹೇಳಿದರು. "ಇವರು ನಿಮ್ಮ ಅಳಿಯನಾ?"

"ಊಂ ಕಣಪ್ಪ. ಪಾಸ್‌ಪೋರ್ಟು ಇರ್ಲಿಲ್ಲ, ಅದ್ಕೆ ಅಲ್ಲ ಅಂತ ಬರ್ಕೊಟ್ಟೆ. ತಪ್ಪಾಯ್ತು" ಅಂದುಬಿಟ್ಟರು ಮಾವ. ಅವರಿಗೆ ಸುಳ್ಳು ಬರುವುದಿಲ್ಲ. ಗಾಣ ಮಾರಿದ ಹಾಗೇ ಅಂದುಕೊಂಡೆ.

ಆ ಕಡೆ ಏನೋ ಗುಸುಗುಸು. "ಸಂಬಂಧ ಇರಲಿ ಅಂತಾರೆ. ಮುಖ್ಯ ಪ್ರಶ್ನೆ ಬೇರೆ. ಈ ಬೆಲ್ಲದ ವ್ಯವಹಾರದಿಂದ ನಿಮಗೆ ಇದುವರೆಗೆ ಏನಾದರೂ ಲಾಭ ಬಂದದ್ದು ಉಂಟಾ?"

ಮಾವ ನನ್ನ ಮುಖ ನೋಡಿದರು. ಮಗಳ ಮುಖ ನೋಡಿದರು. ಆಮೇಲೆ ಫೋನಿಗೆ ಹತ್ತಿರ ಬಗ್ಗಿದರು.

"ಲಾಬ್ವಾ? ಮದ್ವೆ ಆಗಿ ಇಪ್ಪತ್ತು ವರ್ಸ ಆಯ್ತು. ಆಲೆಮನೆ ಅಳಿಯ ಅಂತ ಊರೆಲ್ಲ ಎಸರು. ಇವತ್ತಿನವರ್ಗೂ ಅಳೀಂದ್ರು ನಮ್ಮನೆಗೆ ಒಂದಚ್ಚು ಬೆಲ್ಲ ತಂದಿಲ್ಲ. ಅಬ್ಬದ ಪಾಯ್ಸಕ್ಕೂ ಅಂಗ್ಡೀಲೇ ತತ್ತೀನಿ. ಬೇಕಾದ್ರೆ ಅಂಗ್ಡಿಯವ್ನ ಚೀಟಿ ಐತೆ, ತೋರ್ಸ್ಲಾ?"

ನಾನು ನೆಲ ನೋಡಿದೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು, ಅದು ನೋಡದೆಯೂ ಗೊತ್ತಾಗುತ್ತಿತ್ತು.

ಏಜೆಂಟರು ಅಷ್ಟನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದರು. ಮೇಡಂ ಮೊದಲ ಸಲ ನಕ್ಕರು. "ಚೀಟಿ ಇದ್ದರೆ ಕಳಿಸಲಿಕ್ಕೆ ಹೇಳ್ತಾರೆ. ಒಳ್ಳೆ ಸಾಕ್ಷಿ ಅಂತೆ" ಅಂದರು ಏಜೆಂಟರು. ಕಳಿಸಿದೆವು. ವಾರದೊಳಗೆ ಕಂಪನಿ ಆಯಿತು. ನನ್ನಂಥ ಜಿಪುಣನಿಂದ ಯಾವ ನೆಂಟನಿಗೂ ಚಿಕ್ಕಾಸಿನ ಲಾಭವಿಲ್ಲ ಅನ್ನೋದು ಒಂದು ದೇಶದ ಸರ್ಕಾರಿ ಕಡತದಲ್ಲಿ ಪುರಾವೆ ಸಮೇತ ಸೇರಿಹೋಯಿತು.

ಕುಣಿಯುತ್ತಾ ಹೋಗಿ ಹೆಂಡತಿಗೆ ಸರ್ಟಿಫಿಕೇಟು ತೋರಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು, "ದುಬೈ ಆಮೇಲಾಗ್ಲಿ. ಮೊದ್ಲು ಕಿರುಗಾವಲಿಗೆ ಎಕ್ಸ್‌ಪೋರ್ಟ್ ಮಾಡಿ" ಅಂದಳು.

ಮಾರನೆಯ ಬೆಳಿಗ್ಗೆಯೇ ಎರಡು ಡಬ್ಬ ತುಂಬ ಅಚ್ಚು ಬೆಲ್ಲ ಹೊತ್ತು ಮಾವನ ಜಗಲಿಯಲ್ಲಿ ಇಳಿಸಿದೆ. ಮಾವನಿಗೆ ಖುಷಿಯೋ ಖುಷಿ. ಅಕ್ಕಪಕ್ಕದವರನ್ನೂ ಕೂಗಿ ಕರೆದರು. ಡಬ್ಬದ ಮುಚ್ಚಳ ತೆಗೆದರು. ರಾಸಾಯನಿಕ ಹಾಕದ ಬೆಲ್ಲ ಅಂಗಡಿಯದರ ಹಾಗೆ ಹೊಳೆಯಲ್ಲ, ಕರ್ರಗಿರುತ್ತೆ. ಒಂದಚ್ಚು ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಬೆನ್ನು ತಟ್ಟಿ, ತುಂಬಾ ಪ್ರೀತಿಯಿಂದ ಅಂದರು.

"ಬೇಜಾರು ಮಾಡ್ಕೋಬ್ಯಾಡಿ ಅಳೀಂದ್ರೇ. ಇಪ್ಪತ್ತು ವರ್ಸದಿಂದ ಯಾಕೆ ತರ್ಲಿಲ್ಲ ಅಂತ ಈಗ ಗೊತ್ತಾಯ್ತು ಬುಡಿ."