ಜಿಂಕೆಗೂ ಕಯೋಟಿಗೂ ಒಂದೇ ತೋಟಾ ಸಾಕೆಂದವರಿಗೆ

ಬೇಟೆ ಮಾಸಿಕದ ಅಂಕಣಕಾರರೂ ಸಕಲ ಬಂದೂಕುಗಳನ್ನು ಬಲ್ಲವರೂ ಆದ ಶ್ರೀ ಥರ್ಸ್ಟನ್ ಪೀಲ್ ಅವರಿಗೆ,

ಮಾನ್ಯರೇ,

ನೆಬ್ರಾಸ್ಕದ ಮರಳುಗುಡ್ಡಗಳ ನಡುವೆ ಒಂದು ಮಂದೆ ಕುರಿಯನ್ನೂ ಒಬ್ಬ ಗಂಡನನ್ನೂ ಮೇಯಿಸಿಕೊಂಡಿರುವ ನೋರೀನ್ ಕ್ರಾಟ್ಸ್ ಎಂಬ ನಾನು, ತಮ್ಮ ಆರೋಗ್ಯವೂ ಅದಕ್ಕಿಂತ ಗಟ್ಟಿಯಾಗಿರುವ ತಮ್ಮ ಆತ್ಮವಿಶ್ವಾಸವೂ ಕ್ಷೇಮವಾಗಿರಲೆಂದು ಹಾರೈಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಲೇಖನವನ್ನು ನನ್ನ ಗಂಡ ಆರ್ವಿಲ್ ಚರ್ಚಿನಲ್ಲಿ ಎಂದೂ ತೋರಿಸದ ಭಕ್ತಿಯಿಂದ ಓದಿದ.

ಭಾರದ ಗುಂಡಿನದಾದರೆ ಜಿಂಕೆಗೆ, ಹಗುರ ಗುಂಡಿನದಾದರೆ ಕುರಿ ಕದಿಯುವ ನರಿಯಂಥ ಕಯೋಟಿಗೆ, ಹೀಗೆ ಟೂ-ಫಾರ್ಟಿತ್ರೀ ಎಂಬ ಒಂದೇ ಬಗೆಯ ತೋಟಾ ಎಲ್ಲವನ್ನೂ ನಿಭಾಯಿಸುವುದರಿಂದ ಬುದ್ಧಿವಂತನಿಗೆ ಎರಡನೆಯ ಬಂದೂಕೇ ಬೇಡವೆಂದು ತಾವು ಅಪ್ಪಣೆ ಕೊಡಿಸಿದಿರಿ. ಬುದ್ಧಿವಂತನಾಗುವ ಅವಕಾಶ ಆರ್ವಿಲ್‌ಗೆ ಪದೇ ಪದೇ ಸಿಗುವುದಿಲ್ಲವಾದ್ದರಿಂದ, ಅವನು ಆ ತೋಟಾದ ಹೊಸ ರೈಫಲ್ ಕೊಂಡು ತಂದವನೇ, ತೀರಿಹೋದ ತಂದೆಯ ಹಳೆಯ ಥರ್ಟಿ-ಥರ್ಟಿ ಬಂದೂಕನ್ನು ಅಣ್ಣ ಲೈಲ್‌ನ ಮನೆಗೆ ಒಯ್ದ.

"ತಗೋ ಲೈಲ್, ಈ ಹಳೇ ಕಬ್ಬಿಣ ನೀನೇ ಇಟ್ಕೋ. ನಂಗಿನ್ನು ಒಂದೇ ಸಾಕು."

"ಇದರಲ್ಲೇ ಕಣೋ, ಅಪ್ಪ ನಮ್ಮನ್ನ ಸಾಕಿದ್ದು" ಎಂದಷ್ಟೇ ಹೇಳಿದ ಲೈಲ್, ಆ ಬೇಸಿಗೆಯಿಡೀ ನಮ್ಮ ಮನೆಗೆ ಕಾಫಿಗೆ ಬರಲಿಲ್ಲ.

ನವೆಂಬರಿನಲ್ಲಿ ಜಿಂಕೆ ಬೇಟೆ ಆರಂಭವಾಗುವ ಹಿಂದಿನ ದಿನ ಆರ್ವಿಲ್ ಕಯೋಟಿಗಾಗಿ ಹಗುರ ಗುಂಡಿನ ತೋಟಾ ತುಂಬಿಕೊಂಡು ಕಾದ, ಕಯೋಟಿ ಬರಲಿಲ್ಲ. ಮರುದಿನ ಬೆಳಿಗ್ಗೆ ಅದೇ ರೈಫಲ್ ಎತ್ತಿಕೊಂಡು ಜಿಂಕೆ ಬೇಟೆಗೆ ಹೋದ. ಬಿಳಿಬಾಲದ ದೊಡ್ಡ ಗಂಡು ಜಿಂಕೆ ಬಂತು. ಒಳಗಿರುವ ತೋಟಾ ಯಾವುದೆಂದು ನೋಡದೆ ಹೊಡೆದ. ಆ ಹಗುರ ಗುಂಡು ತನ್ನ ಸ್ವಭಾವದಂತೆ ಭುಜದ ಮೂಳೆಗೆ ತಾಗಿದೊಡನೆ ಚೂರಾಯಿತು. ಜಿಂಕೆ ಮೂರು ಕಾಲಿನಲ್ಲಿ ಓಡಿತು.

ಮಾನ್ಯರೇ, ತಮ್ಮ ಲೇಖನದಲ್ಲಿ ಜಿಂಕೆಗಳು ನಿಂತಲ್ಲೇ ಬೀಳುತ್ತವೆ. ನಮ್ಮ ಕಡೆಯ ಜಿಂಕೆಗಳು ಮಾಸಿಕ ತರಿಸುವುದಿಲ್ಲ. ಆದ್ದರಿಂದ ಇನ್ನು ಮುಂದೆ ಬೇಟೆಗಾರ ತೋಟಾ ಬದಲಿಸಲು ಮರೆತ ಬೆಳಿಗ್ಗೆಗಳಲ್ಲಿ ಜಿಂಕೆಗಳು ತಮ್ಮ ಮೂಳೆಗಳನ್ನು ಮನೆಯಲ್ಲೇ ಬಿಟ್ಟು ಬರುವಂತೆ ತಾವೇ ಒಂದು ಸುತ್ತೋಲೆ ಹೊರಡಿಸಿದರೆ ಮಹದುಪಕಾರವಾದೀತು.

ಹುಲ್ಲಿನ ಮೇಲಿನ ರಕ್ತದ ಹನಿಗಳನ್ನು ಹುಡುಕುತ್ತ ಆರ್ವಿಲ್, ಅವನ ಹಿಂದೆ ನಾನು, ಮಧ್ಯಾಹ್ನದವರೆಗೂ ನಡೆದೆವು. ಗುಡ್ಡ ದಾಟಿದ ಮೇಲೆ ಹನಿಯೂ ಸಿಗಲಿಲ್ಲ. "ಬಿಟ್ಟುಬಿಡೋಣ್ವಾ?" ಎಂದೆ. "ಅದು ಎಲ್ಲೋ ಬಿದ್ಕೊಂಡು ನರಳ್ತಾ ಇರುತ್ತೆ ನೋರೀನ್, ನಾನು ಹೇಗೆ ಮನೆಗೆ ಬರ್ಲಿ?" ಎಂದವನ ಮುಖ ನೋಡಿ, ಅವನನ್ನು ಕೇಳದೆ ಲೈಲ್‌ಗೆ ಫೋನ್ ಮಾಡಿದೆ.

ಲೈಲ್ ತನ್ನ ಮುದಿ ನಾಯಿಯೊಂದಿಗೆ, ಅಪ್ಪನ ಥರ್ಟಿ-ಥರ್ಟಿ ಹೆಗಲಿಗೇರಿಸಿಕೊಂಡು ಬಂದ. ಬೈಯಲಿಲ್ಲ. ಹೊತ್ತು ಇಳಿಯುವಾಗ ನಾಯಿ ಒಣಹಳ್ಳದೊಳಗೆ ನಿಂತಿತು. ಜಿಂಕೆ ಪೊದೆಯ ಪಕ್ಕ ಕುಸಿದು ಕೂತಿತ್ತು, ತಲೆ ಎತ್ತಿ ನಮ್ಮನ್ನೇ ನೋಡುತ್ತಿತ್ತು. ಲೈಲ್ ಹಳೆಯ ಬಂದೂಕನ್ನು ತಮ್ಮನ ಕೈಗೆ ಕೊಟ್ಟ. "ನೀನೇ ಮುಗಿಸು. ಅಷ್ಟಾದ್ರೂ ನಾವು ಅದಕ್ಕೆ ಕೊಡಬೇಕು."

ಒಂದೇ ಸದ್ದು. ಆಮೇಲೆ ಆರ್ವಿಲ್ ಜಿಂಕೆಯ ಕತ್ತಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದ. ಅಳುವುದನ್ನು ಅಣ್ಣ ನೋಡಬಾರದೆಂದು ಮುಖ ತಿರುಗಿಸಿದ. ಅಣ್ಣನೂ ಅದೇ ಕಾರಣಕ್ಕೆ ಬೇರೆ ಕಡೆ ನೋಡುತ್ತಿದ್ದ.

"ತೋಟಾದ ತಪ್ಪಲ್ಲ ಕಣೋ" ಎಂದ ಲೈಲ್ ಕೊನೆಗೆ. "ಒಂದೇ ಬಂದೂಕಿದ್ರೆ ಎರಡು ಸಲ ಯೋಚನೆ ಮಾಡ್ಬೇಕು. ನಿನ್ನ ಪೇಪರಿನವ್ರು ಅದನ್ನ ಬರೀಲಿಲ್ಲ ಅಷ್ಟೆ."

ಆ ಸಂಜೆ ಇಬ್ಬರೂ ನಮ್ಮ ಅಡುಗೆಮನೆಯಲ್ಲಿ ಕೂತು, ಕೆಟ್ಟುಹೋದ ಭುಜದ ಮಾಂಸವನ್ನು ಕತ್ತರಿಸಿ ತೆಗೆದರು. ಲೈಲ್ ಮೂರು ಲೋಟ ಕಾಫಿ ಕುಡಿದ.

ಈಗ ಆರ್ವಿಲ್ ಆ ರೈಫಲ್‌ಗೆ ಭಾರದ ಗುಂಡಿನ ತೋಟಾ ಬಿಟ್ಟು ಬೇರೇನನ್ನೂ ತುಂಬುವುದಿಲ್ಲ. ಕುರಿಗಳ ಕಾವಲಿಗೆ ಒಂದು ಕತ್ತೆ ತಂದಿದ್ದಾನೆ. ಅದು ಕಯೋಟಿಗಳನ್ನು ಒದ್ದು ಓಡಿಸುತ್ತದೆ. ಜಿಂಕೆ ಹೊಡೆಯಲು ಅದಕ್ಕೆ ಬರುವುದಿಲ್ಲ, ಬರುತ್ತದೆಂದು ಅದು ಎಲ್ಲೂ ಬರೆದುಕೊಂಡಿಲ್ಲ. ಈ ಒಂದು ವಿಷಯದಲ್ಲಿ ಅದು ತಮಗಿಂತ ಕೊಂಚ ಮೇಲೆಂದು ಹೇಳಲು ಸಂಕೋಚವಾಗುತ್ತದೆ.

ಎಂದೆಂದಿಗೂ ತಮ್ಮ ವಿಶ್ವಾಸಿ, ಆದರೆ ಇನ್ನು ತಮ್ಮ ಓದುಗಾರ್ತಿಯಲ್ಲದ,
ನೋರೀನ್ ಕ್ರಾಟ್ಸ್

ತಾ.ಕ.: ಮುಂದಿನ ನವೆಂಬರಿನಲ್ಲಿ ತಾವು ದಯಮಾಡಿ ನಮ್ಮಲ್ಲಿಗೇ ಬನ್ನಿ. ಹಾಸಿಗೆಯೂ ಬೆಳಗಿನ ಬಿಸಿ ಪ್ಯಾನ್‌ಕೇಕೂ ನಮ್ಮವು. ಯಾರಾದರೂ ಗುಂಡು ತಪ್ಪಾಗಿ ಹೊಡೆದರೆ ರಕ್ತದ ಹಿಂದೆ ನಡೆಯುವ ಭಾಗ್ಯ ಮಾತ್ರ ತಮ್ಮದು. ದಾರಿ ತಪ್ಪುವ ಭಯ ಬೇಡ, ಲೈಲ್‌ನ ನಾಯಿ ಮುಂದಿರುತ್ತದೆ, ಅದಕ್ಕೆ ತಮ್ಮ ಮಾಸಿಕ ಓದಲು ಬರುವುದಿಲ್ಲ.