ಜಿಗಣಿಗೆ ಧಾರೆ ತಲುಪುವವರೆಗೆ

ದೇವರೇ ಪ್ರತ್ಯಕ್ಷನಾದರೂ ನಮ್ಮ ಭಾವನವರು ಕೈ ಮುಗಿಯುವ ಮೊದಲು, "ಸ್ವಲ್ಪ ಎಡಕ್ಕೆ ಬನ್ನಿ, ಹಿಂದಿನ ಬೆಳಕಿಗೆ ಮುಖ ಕಪ್ಪಾಗ್ತಿದೆ" ಎಂದಾರು! ಭಾವ ಎಂದರೆ ನನ್ನ ಯಜಮಾನರ ಅಣ್ಣ. ಜಿಗಣಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸಿಯೇ ನಿವೃತ್ತರಾದವರು. ಈಗ ಗೀರು ಹುಡುಕಲು ಬಿಡಿಭಾಗಗಳಿಲ್ಲ, ನಾವಿದ್ದೇವೆ.

ಕಾಡುಗೋಡಿಯ ಛತ್ರದಲ್ಲಿ ನನ್ನ ಮಗಳ ಮದುವೆ ಎಂದು ಗೊತ್ತಾದ ವಾರವೇ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಜಿಗಣಿಯ ಭಾವನ ಮನೆಯ ಮಂಚದಿಂದ ಅವರನ್ನು ಅಲುಗಿಸುವಂತಿರಲಿಲ್ಲ. ಮಗಳನ್ನು ಎತ್ತಿ ಆಡಿಸಿ ಬೆಳೆಸಿದವರು ಅವರು. ನಮ್ಮಲ್ಲಿ ಗಂಡು ಹೆಣ್ಣಿನ ಜೋಡಿಸಿದ ಕೈಗಳ ಮೇಲೆ ಹಾಲೆರೆದು ಧಾರೆ ಮಾಡುವಾಗ ಮೊದಲ ಕೈ ಮನೆಯ ಹಿರಿಯರದು.

"ನನ್ ಧಾರೆ ತಪ್ಪೋಯ್ತಲ್ಲೋ" ಎಂದು ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು.

"ಯಾಕಮ್ಮ ತಪ್ಪುತ್ತೆ?" ಎಂದರು ಭಾವ. "ಟಿ.ವಿ.ಲಿ ಲೈವ್ ಹಾಕ್ತೀನಿ. ಮುಂದೆ ತಟ್ಟೇಲಿ ತೆಂಗಿನಕಾಯಿ ಇಡಿಸ್ತೀನಿ. ಅದರ ಮೇಲೆ ನೀನು ಇಲ್ಲಿಂದ್ಲೇ ಹಾಲು ಎರಿ."

"ವಿಡಿಯೋ ಕಾಲ್ ಸಾಲ್ದಾ ಭಾವ?" ಎಂದೆ ನಾನು.

"ಆ ಮಸುಕಿನಲ್ಲಿ ಅಮ್ಮನ ಕಣ್ಣಿಗೆ ಮದುವೆ ಹೆಣ್ಣೂ ಒಂದೇ, ಬಾಳೆಕಂಬಾನೂ ಒಂದೇ ಕಣಮ್ಮ. ರಿಜೆಕ್ಟ್!"

ಮದುವೆಯ ಹಿಂದಿನ ದಿನ ಮಂಟಪದಲ್ಲಿ ಕ್ಯಾಮೆರಾ ಇಟ್ಟು ತಾಲೀಮು. ಹೆಣ್ಣಿನ ಜಾಗದಲ್ಲಿ ನಾನು, ಗಂಡಿನ ಜಾಗದಲ್ಲಿ ಯಜಮಾನರು. ಹೂವಿನವಳು ಮಾಲೆ ಕಟ್ಟುವುದು ಬಿಟ್ಟು ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ನನ್ನ ಕೆಂಪು ಸೀರೆ ಪರದೆಯ ಮೇಲೆ ಕುಂಕುಮ ಚೆಲ್ಲಿದಂತಿದೆಯೆಂದು ರಿಜೆಕ್ಟ್. ಮಿನುಗುವ ಸೀರಿಯಲ್ ದೀಪಗಳು ರಿಜೆಕ್ಟ್.

"ಗಂಡು ಓಕೆನಾ?" ಎಂದರು ಯಜಮಾನರು.

"ಅದನ್ನ ಇವಳ ಕಡೆಯೋರು ಅವತ್ತೇ ನೋಡ್ಬೇಕಿತ್ತು!"

ಮದುವೆಯ ಬೆಳಿಗ್ಗೆ ಲೈವ್ ಚಿತ್ರ ತಡವರಿಸತೊಡಗಿತು. ಪುರೋಹಿತರ ಬಾಯಿ ತೆರೆದಲ್ಲೇ ನಿಂತುಬಿಟ್ಟಿತು. ಕಾರಣವೇನಿರಬಹುದು ಹೇಳಿ? ಛತ್ರದ ವೈಫೈ ಹಿಡಿದು ಅರ್ಧ ಬೀಗರು ಅದೇ ಛತ್ರದಲ್ಲಿ ಕೂತು ಅದೇ ಮದುವೆಯ ಲೈವ್ ನೋಡುತ್ತಿದ್ದರು! ಭಾವ ಮೈಕು ಕಸಿದುಕೊಂಡರು. "ಎದುರಿಗೇ ಮದುವೆ ನಡೀತಿದೆ, ತಲೆ ಎತ್ತಿ ಸ್ವಾಮಿ!"

"ಹಿಂದ್ಗಡೆಯಿಂದ ಕಾಣಲ್ಲ ಕಣ್ರೀ!"

"ಮುಂದೆ ಕುರ್ಚಿ ಖಾಲಿ ಇದೆ, ಎದ್ದು ಬನ್ನಿ!"

ಫೋನುಗಳು ಜೇಬು ಸೇರಿದವು. ಪುರೋಹಿತರ ಬಾಯಿ ಮುಚ್ಚಿತು.

ಧಾರೆಯ ಹೊತ್ತು ಬಂತು. ಮಗಳು, ಅಳಿಯ ಕೈ ಚಾಚಿದರು. ಓಲಗ ನಿಂತಿತು. ಅತ್ತೆಯ ಆರೈಕೆಗೆ ಬರುವ ಬಾಗಲಕೋಟೆಯ ಹೆಂಗಸು ಫೋನಿನಲ್ಲಿದ್ದಳು. ಭಾವ ಸ್ಪೀಕರ್ ಒತ್ತಿದರು. "ಹೂಂ, ಅಮ್ಮ ಎರೀಲಿ."

"ಇನ್ನೂ ಕೈ ಚಾಚಿಲ್ರೀ ಅಣ್ಣಾರ. ಟಿ.ವಿ.ನಾಗ ಹುಡುಗಿ ಈಗ ಬಂದು ಕುಂತಾಳ."

ಇಲ್ಲಿ ನಿಂತ ಓಲಗ ಅಲ್ಲಿನ ಟಿ.ವಿ.ಯಲ್ಲಿ ಇನ್ನೂ ನುಡಿಯುತ್ತಿರುವುದು ಫೋನಿನೊಳಗಿಂದ ಕೇಳುತ್ತಿತ್ತು. ಭಾವನ ಮುಖ ಬಿಳಿಚಿತು. ಅಷ್ಟು ನಿಚ್ಚಳವಾದ ಚಿತ್ರ ಜಿಗಣಿ ಸೇರಲು ತುಸು ಹೊತ್ತು ಹಿಡಿಯುತ್ತದೆ. ದೀಪ, ಸೀರೆ, ವೈಫೈ ಎಲ್ಲ ನೋಡಿದವರು ಇದೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಮುಹೂರ್ತ ಮೀರುತ್ತೆ ಸಾರ್, ನೀವೇ ಎರೆದ್ಬಿಡಿ" ಎಂದರು ಪುರೋಹಿತರು.

ಭಾವ ಹಾಲಿನ ಗಿಂಡಿಯ ಬಾಯಿಗೆ ಅಂಗೈ ಮುಚ್ಚಿ ನಿಂತರು. "ತಡೀರಿ. ಅಮ್ಮ ಇನ್ನೂ ಮದುವೆಗೆ ಬಂದಿಲ್ಲ."

ಅಡುಗೆಮನೆಯಲ್ಲಿ ಸೌಟು ಇಟ್ಟ ಸದ್ದು ಕೇಳಿತು.

"ಈಗ ಕಾಣ್ತ್ರೀ! ಅಜ್ಜಿ ಹಾಕಾಕತ್ತಾರ. ಮಲಕೊಂಡ ಹಾಕೂದಕ್ಕ ಹಾಲು ಹಾಸಿಗಿ ಮ್ಯಾಲೂ ಬೀಳಾಕತ್ತೈತಿ."

"ಬೀಳ್ಲಿ ಬಿಡಮ್ಮ. ಆತುರ ಬೇಡ ಅನ್ನು."

ಮಂಟಪದಲ್ಲಿ ಆ ಕೈಗಳ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಆದರೂ ಮಗಳು ಬೆರಳುಗಳನ್ನು ಬಿಗಿಯಾಗಿ ಕೂಡಿಸಿ, ಏನೋ ಸೋರಿ ಹೋದೀತೆಂಬಂತೆ ಹಿಡಿದಿದ್ದಳು.

"ಆತ್ರೀ ಅಣ್ಣಾರ. ಅಜ್ಜಿ ಕೇಳಾಕತ್ತಾರ, ಹಾಲು ಭಾಳ ತಣ್ಣಗಿತ್ತೇನು ಅಂತ."

ಭಾವ ಆ ಕೈಗಳತ್ತ ನೋಡಿದರು. ಮಗಳೇ ಹೇಳಿದಳು. "ಇಲ್ಲ ಅಂತ ಹೇಳಿ ದೊಡ್ಡಪ್ಪ. ಬೆಚ್ಚಗೇ ಇತ್ತು."